ಚಿತ್ರಗಳಲ್ಲಿ ಗುಣದೋಷವಿಚಾರ

ನಮ್ಮ ಕಡೆಯ ಕಾವ್ಯಗೋಷ್ಠಿಗಳಲ್ಲಿ ಕಂದಪದ್ಯವೊಂದರ ಮಾತ್ರೆ ತಪ್ಪಿದರೆ ಅದನ್ನು ಎತ್ತಿ ಹೇಳತಕ್ಕವರು ಇಂದಿಗೂ ಇಬ್ಬರಾದರೂ ಸಿಕ್ಕುತ್ತಾರೆ. ಗಾಯಕನು ಸ್ವರದಿಂದ ಜಾರಿದರೆ ಹಿಂದಿನ ಸಾಲಿನಲ್ಲಿ ಕುಳಿತ ಮುದುಕನೊಬ್ಬನ ಹುಬ್ಬು ಗಂಟಿಕ್ಕುವುದು. ಆದರೆ ಒಂದು ಚಿತ್ರವನ್ನು ಎದುರಿಗಿಟ್ಟರೆ ನಮ್ಮ ವಿದ್ಯಾವಂತರ ಮನೆಗಳಲ್ಲಿಯೂ ನಾಲಗೆಗೆ ದೊರೆಯುವ ಮಾತುಗಳು ಎರಡೇ: "ಭಾಳ ಚಲೋ ಅದ" ಎಂಬುದೊಂದು, "ಮಾರಿ ಬರೋಬರಿ ಬಂದಿಲ್ಲ" ಎಂಬುದಿನ್ನೊಂದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಊರುಗಳಲ್ಲಿ ಮಕ್ಕಳ ಚಿತ್ರಪ್ರದರ್ಶನಗಳನ್ನು ಅನೇಕ ವರ್ಷಗಳಿಂದ ನೋಡುತ್ತ ಬಂದ ಈ ಲೇಖಕನು ಮೂರನೆಯ ಮಾತನ್ನು ಕೇಳಿದುದು ಬಹು ವಿರಳ. ಮೊದಲನೆಯ ಮಾತನ್ನು ಕೇಳಿದ ಹುಡುಗನು ಮರುವರ್ಷವೂ ಅದೇ ಗುಡ್ಡ, ಅದೇ ಸೂರ್ಯ, ಅದೇ ಎರಡು ತೆಂಗಿನ ಮರಗಳನ್ನು ಬರೆದು ತರುತ್ತಾನೆ. ಎರಡನೆಯದನ್ನು ಕೇಳಿದವನು ಮರುವರ್ಷ ಬರುವುದೇ ಇಲ್ಲ. ಈಚೆಗಂತೂ ಚಿತ್ರವನ್ನು ಮೊಬೈಲಿನಲ್ಲಿ ಬಂಧುಗಳಿಗೆಲ್ಲ ಕಳುಹಿಸುವ ವಾಡಿಕೆ ಬಂದಿರುವುದರಿಂದ ಆ ಎರಡು ಮಾತುಗಳ ಶ್ರಮವೂ ತಪ್ಪಿ, ಹೆಬ್ಬೆರಳಿನ ಗುರುತೊಂದೇ ಉಳಿದಿದೆ.

ಈ ಬಡತನವು ನಮಗೆ ಪರಂಪರೆಯಿಂದ ಬಂದುದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವನ್ನು ಓದಿದವರಿಗೆ ಚಿತ್ರದೋಷಗಳಿಗೆ ಅಲ್ಲಿ ಒಂದೊಂದಾಗಿ ಹೆಸರಿಟ್ಟಿರುವುದು ತಿಳಿದೇ ಇದೆ. ರೇಖೆಯು ದುರ್ಬಲವಾಗಿರುವುದು, ರೇಖೆಯು ಸ್ಥೂಲವಾಗಿರುವುದು, ಅಂಗಗಳು ಒಂದರಿಂದೊಂದು ಬೇರ್ಪಟ್ಟು ಕಾಣದಿರುವುದು, ಬಣ್ಣಗಳು ಕಲಸಿಹೋಗಿರುವುದು: ಹೀಗೆ. ಗುಣಗಳಿಗೂ ಹೆಸರುಗಳುಂಟು: ಪ್ರಮಾಣ, ಮಾಧುರ್ಯ, ವಿಭಕ್ತತೆ, ಸಾದೃಶ್ಯ ಮುಂತಾದವು. ಇವುಗಳಿಗಿಂತಲೂ ನನಗೆ ಹೆಚ್ಚು ಪ್ರಿಯವಾದುದು ಚಿತ್ರವು ಕೆಡುವುದಕ್ಕೆ ಆ ಗ್ರಂಥವು ಹೇಳುವ ಕಾರಣಗಳು. ಕುಳಿತ ಆಸನವು ಸರಿಯಿಲ್ಲದಿರುವುದು, ಬಾಯಾರಿಕೆ, ಮನಸ್ಸು ಬೇರೆಡೆಗೆ ಹರಿದಿರುವುದು ಇವೂ ಅಲ್ಲಿ ಸೇರಿವೆ. ವೈಶಾಖದ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ನೆಲದ ಮೇಲೆ ಬಗ್ಗಿ ಕುಳಿತು ಸ್ಪರ್ಧೆಗಾಗಿ ಬರೆದ ಮಗುವಿನ ಚಿತ್ರವನ್ನು ಪರೀಕ್ಷಿಸತಕ್ಕವರು ಮೊದಲು ನೀರಿನ ತಂಬಿಗೆ ಎಲ್ಲಿದೆಯೆಂದು ವಿಚಾರಿಸಿದರೆ ಶಾಸ್ತ್ರಸಮ್ಮತವೇ ಆದೀತು.

ಅದೇ ಗ್ರಂಥದಲ್ಲಿ ಯಾರು ಚಿತ್ರದಲ್ಲಿ ಏನನ್ನು ಮೆಚ್ಚುತ್ತಾರೆಂಬ ಪ್ರಸ್ತಾಪವೂ ಬಂದಿದೆ. ಆಚಾರ್ಯರು ರೇಖೆಯನ್ನು, ಬಲ್ಲವರು ಛಾಯಾವರ್ತನವನ್ನು, ಸ್ತ್ರೀಯರು ಆಭರಣಗಳನ್ನು, ಉಳಿದ ಜನರು ಬಣ್ಣದ ಸಮೃದ್ಧಿಯನ್ನು ಮೆಚ್ಚುವರಂತೆ. ಇದರಲ್ಲಿ ಸ್ತ್ರೀಯರ ಮಾತನ್ನು ನಾನು ಒಪ್ಪಲಾರೆ. ನಮ್ಮ ಸೀಮೆಯಲ್ಲಿ ಬೆಳಗಿನ ಜಾವ ಅಂಗಳಕ್ಕೆ ನೀರು ಚಿಮುಕಿಸಿ, ಹಿಟ್ಟಿನ ಎಳೆಯನ್ನು ಎರಡು ಬೆರಳುಗಳ ನಡುವಿನಿಂದ ಒಂದೇ ದಪ್ಪದಲ್ಲಿ ಬಿಡುವ ಹೆಣ್ಣುಮಕ್ಕಳಿಗೆ ರೇಖೆಯ ಬಲಾಬಲವು ತಿಳಿದಿರುವಷ್ಟು, ಕಾಗದದ ಮೇಲೆ ಕುಂಚವಾಡಿಸುವ ಎಷ್ಟೋ ಗಂಡಸರಿಗೆ ತಿಳಿದಿರುವುದಿಲ್ಲ. ನೆರೆಯವಳ ರಂಗೋಲಿಯಲ್ಲಿ ಎಳೆ ಎಲ್ಲಿ ನಡುಗಿತು, ಚುಕ್ಕಿ ಎಲ್ಲಿ ಸರಿಯಿತು ಎಂಬುದನ್ನು ಹಾದಿಯಲ್ಲಿ ಹೋಗುತ್ತಲೇ ಹೇಳಬಲ್ಲವರು ಅವರು. ನಮ್ಮ ಮನೆಗಳಲ್ಲಿ ಚಿತ್ರವಿಮರ್ಶೆಯೆಂಬುದು ಜೀವಂತವಾಗಿದ್ದರೆ ಅದು ಹೊಸ್ತಿಲ ಹೊರಗೆ ಇದೆ.

ಆದರೆ ದೋಷಗಳ ಹೆಸರು ತಿಳಿದ ಮಾತ್ರಕ್ಕೆ ವಿಮರ್ಶಕನಾದಂತಾಗದು. ಚಿತ್ರವು ಯಾವ ಜಾತಿಯದು, ಬರೆದವನು ಏನನ್ನು ಕಾಣಿಸಬೇಕೆಂದು ಹೊರಟನು ಎಂಬುದನ್ನು ಮೊದಲು ತಿಳಿಯದೆ ಆಡಿದ ದೋಷದ ಮಾತು ಎಷ್ಟು ಶಾಸ್ತ್ರೀಯವಾಗಿದ್ದರೂ ನಿರರ್ಥಕವು. ಕೆಲವೊಮ್ಮೆ ಘಾತಕವೂ ಹೌದು. ಪ್ರಕೃತ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದೊಂದನ್ನೇ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126-1138) ನಮ್ಮ ಈ ದೋಆಬವನ್ನೂ ಆಳಿದವನು. ಅವನ ಮಾನಸೋಲ್ಲಾಸದಲ್ಲಿ ಚಿತ್ರಗಳನ್ನು ವಿಂಗಡಿಸಿರುವ ರೀತಿಯು ಈ ವಿಷಯಕ್ಕೆ ಬಹಳ ಉಪಯುಕ್ತವಾಗಿದೆ. ಕನ್ನಡಿಯಲ್ಲಿ ಕಂಡಂತೆ ವಸ್ತುವನ್ನು ಹೋಲುವುದು ವಿದ್ಧಚಿತ್ರ. ಮನಸ್ಸಿನಲ್ಲಿ ಮೂಡಿದಂತೆ ಬರೆದುದು ಅವಿದ್ಧಚಿತ್ರ. ನೋಡಿದೊಡನೆ ಶೃಂಗಾರಾದಿ ರಸಗಳನ್ನು ಹೊಳೆಯಿಸುವುದು ಭಾವಚಿತ್ರ. (ಇಂದು ನಾವು ಫೋಟೋಗೆ ಭಾವಚಿತ್ರವೆನ್ನುತ್ತೇವೆ! ಶಬ್ದವು ಎಲ್ಲಿಂದೆಲ್ಲಿಗೆ ಬಂದಿತೆಂಬುದನ್ನು ವಾಚಕರು ಗಮನಿಸಬೇಕು.) ಇವಲ್ಲದೆ ದ್ರವವರ್ಣದಿಂದ ಬರೆದ ರಸಚಿತ್ರ, ಪುಡಿಯಿಂದ ಬರೆದ ಧೂಳಿಚಿತ್ರ ಎಂಬುವೂ ಇವೆ. ಈಗ "ಮಾರಿ ಬರೋಬರಿ ಬಂದಿಲ್ಲ" ಎಂಬ ಮಾತನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಅಜ್ಜನನ್ನು ಎದುರಿಗೆ ಕುಳ್ಳಿರಿಸಿಕೊಂಡು ಬರೆದ ವಿದ್ಧಚಿತ್ರಕ್ಕೆ ಅದು ತಕ್ಕ ಆಕ್ಷೇಪ. ತೀರಿಹೋದ ಅಜ್ಜನು ಕನಸಿನಲ್ಲಿ ಬಂದುದನ್ನು ಹುಡುಗಿಯೊಬ್ಬಳು ಬರೆದಿದ್ದರೆ ಅದೇ ಮಾತು ಆಕ್ಷೇಪವೂ ಅಲ್ಲ, ಅನುಗ್ರಹವೂ ಅಲ್ಲ.

ಕಾಳಿದಾಸನ ಎರಡು ನಾಟಕಗಳಲ್ಲಿ ಎರಡು ಬಗೆಯ ಚಿತ್ರವಿಮರ್ಶೆಗಳಿವೆ. ಮಾಲವಿಕಾಗ್ನಿಮಿತ್ರದಲ್ಲಿ ಅರಸನು ಮಾಲವಿಕೆಯನ್ನು ಮೊದಲು ಚಿತ್ರದಲ್ಲಿ ಕಂಡು, ನಿಜರೂಪವು ಅಷ್ಟು ಚೆಲುವಾಗಿರಲಾರದೆಂದು ಶಂಕಿಸಿದ್ದನು. ಅವಳು ರಂಗದ ಮೇಲೆ ಬಂದು ನಿಂತಾಗ ಶಂಕೆಯು ತಿರುಗಿತು. ಚಿತ್ರಕಾರನ ಸಮಾಧಿಯೇ ಶಿಥಿಲವಾಗಿದ್ದಿರಬೇಕೆಂದು ಅವನು ತೀರ್ಮಾನಿಸಿದನು. ಮಾತು ರಮಣೀಯವಾಗಿದೆ. ಆದರೆ ಆ ಚಿತ್ರಕಾರನು ಮರೆಯಲ್ಲಿ ನಿಂತು ಅದನ್ನು ಕೇಳಿದ್ದರೆ ಮನೆಗೆ ಹೋಗಿ ಏನನ್ನು ತಿದ್ದಿಕೊಳ್ಳಬೇಕಾಗಿತ್ತು? ಮೂಗನ್ನೋ, ನಿಲುವನ್ನೋ, ಬಣ್ಣವನ್ನೋ? ಮನಸ್ಸು ಸಡಿಲವಾಗಿತ್ತೆಂಬುದು ರೋಗದ ಹೆಸರೇ ಹೊರತು ಔಷಧವಲ್ಲ.

ಶಾಕುಂತಲದ ಆರನೆಯ ಅಂಕದಲ್ಲಿ ಬೇರೆಯ ಸಂಗತಿ. ಅಲ್ಲಿ ದುಷ್ಯಂತನೇ ಚಿತ್ರಕಾರ, ಅವನೇ ವಿಮರ್ಶಕ. ಸರಿಬಾರದುದನ್ನು ತಿದ್ದುತ್ತಲೇ ಇದ್ದರೂ ಅವಳ ಲಾವಣ್ಯದ ಲೇಶಮಾತ್ರವೇ ರೇಖೆಗೆ ಸಿಕ್ಕಿತೆಂದು ಅವನು ಮೊದಲೇ ಹೇಳಿಬಿಡುತ್ತಾನೆ. ಆಮೇಲೆ ಇನ್ನೂ ಬರೆಯಬೇಕಾದುದೇನೆಂಬುದನ್ನು ಎಣಿಸುತ್ತಾನೆ: ಮರಳಿನ ಮೇಲೆ ಹಂಸದ ಜೋಡಿಗಳಿರುವ ಮಾಲಿನೀ ನದಿ, ಜಿಂಕೆಗಳು ಮಲಗಿರುವ ಹಿಮಾಲಯದ ತಪ್ಪಲು, ನಾರುಮಡಿಗಳನ್ನು ತೂಗುಬಿಟ್ಟ ಒಂದು ಮರ, ಅದರ ಕೆಳಗೆ ಕೃಷ್ಣಮೃಗದ ಕೋಡಿಗೆ ಎಡಗಣ್ಣನ್ನು ಉಜ್ಜಿಕೊಳ್ಳುವ ಹೆಣ್ಣು ಜಿಂಕೆ. ಎಡಗಣ್ಣು ಎಂಬುದನ್ನು ಗಮನಿಸಬೇಕು. ಇಷ್ಟು ನಿರ್ದಿಷ್ಟವಾದ ಸಲಹೆ ಸಿಕ್ಕಿದರೆ ಯಾವ ಹುಡುಗನಾದರೂ ಪೆನ್ಸಿಲನ್ನು ಮತ್ತೆ ಕೈಗೆ ತೆಗೆದುಕೊಂಡಾನು. ಪಕ್ಕದಲ್ಲಿದ್ದ ವಿದೂಷಕನು ಮಾತ್ರ, ಇವನು ಹಲಗೆಯನ್ನೆಲ್ಲ ಉದ್ದ ಗಡ್ಡದ ತಾಪಸರಿಂದ ತುಂಬಿಬಿಡುವನೆಂದು ತನ್ನಲ್ಲೇ ಅಂದುಕೊಳ್ಳುತ್ತಾನೆ. ಖಾಲಿ ಜಾಗವನ್ನು ಕಂಡಕೂಡಲೆ "ಇಲ್ಲೊಂದು ಹಕ್ಕಿ, ಅಲ್ಲೊಂದು ಗುಡಿ" ಎಂದು ತುಂಬಿಸಹೇಳುವ ಪರೀಕ್ಷಕರನ್ನು ನಮ್ಮ ಪ್ರದರ್ಶನಗಳಲ್ಲಿ ಕಂಡಾಗಲೆಲ್ಲ ನನಗೆ ಆ ಗಡ್ಡಗಳು ನೆನಪಾಗುತ್ತವೆ.

ಇನ್ನು ಅಲಂಕಾರಶಾಸ್ತ್ರದಿಂದ ಒಂದು ಮಾತನ್ನು ಇಲ್ಲಿಗೆ ತರುವುದು ಅಪ್ರಸ್ತುತವಾಗಲಾರದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ದೋಷಗಳಲ್ಲಿ ನಿತ್ಯ, ಅನಿತ್ಯ ಎಂಬ ಭೇದವನ್ನು ತೋರಿಸಿದನು. ಕಿವಿಗೆ ಕರ್ಕಶವಾದ ಅಕ್ಷರಗಳು ಶೃಂಗಾರದಲ್ಲಿ ತ್ಯಾಜ್ಯವಾದವು. ರೌದ್ರದಲ್ಲಿ ಅವೇ ಬೇಕು. ಆದುದರಿಂದ ಅದು ಅನಿತ್ಯದೋಷ. ಚಿತ್ರದಲ್ಲಿಯೂ ಹೀಗೆಯೇ. ಸ್ಥೂಲರೇಖೆಯು ಮಗುವಿನ ಕೆನ್ನೆಯ ಮೇಲೆ ದೋಷವು. ಲಿಂಗಸುಗೂರು ತಾಲೂಕಿನಲ್ಲಿ ಮುದಗಲ್ಲಿನ ಸಮೀಪದ ಪಿಕ್ಲಿಹಾಳದ ಬಂಡೆಗಳನ್ನು ನೋಡಿದವರಿಗೆ ಇದರ ಇನ್ನೊಂದು ಪಕ್ಕವು ತಿಳಿಯುತ್ತದೆ. ನವಶಿಲಾಯುಗದ ದನಗಾಹಿಗಳು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದ ಗೂಳಿಗಳು ಅಲ್ಲಿವೆ; ಆಲ್ಚಿನ್ ಎಂಬ ವಿದ್ವಾಂಸರು 1960ರಲ್ಲಿ ಪ್ರಕಟವಾದ ತಮ್ಮ ಉತ್ಖನನವರದಿಯಲ್ಲಿ ಅವುಗಳನ್ನು ವಿವರಿಸಿದ್ದಾರೆ. ರೇಖೆಯು ದಪ್ಪ, ಅಂಚು ಒರಟು, ಕಾಲುಗಳು ಕಡ್ಡಿಯಂತೆ. ಆದರೆ ಹಿಣಿಲಿನ ಏರು, ಕೋಡಿನ ಬೀಸು ಇವುಗಳನ್ನು ಕಂಡವನು ಆ ದಪ್ಪವನ್ನು ದೋಷವೆನ್ನಲಾರನು. ಕಾಲವು ಕಳೆದಂತೆ ಒಂದು ಚಿತ್ರದ ಮೇಲೆ ಇನ್ನೊಂದನ್ನು ಕುಟ್ಟಿದ ಕುರುಹುಗಳೂ ಅಲ್ಲಿವೆ. ನಮ್ಮ ತಾಲೂಕಿನ ಮೊದಲನೆಯ ಚಿತ್ರಶಾಲೆಯೆಂದರೆ ಆ ಗುಡ್ಡವೇ ಇರಬೇಕು!

ಗುರುವು ಶಿಷ್ಯನ ಚಿತ್ರದಲ್ಲಿ ಅನಿತ್ಯದೋಷವನ್ನು ನಿತ್ಯವೆಂದು ಭಾವಿಸಿ, ಬಳಿಕ ಸಕಾಲದಲ್ಲಿ ಎಚ್ಚತ್ತ ಪ್ರಸಂಗವೊಂದುಂಟು. ಅದು ಕಲಕತ್ತೆಯದು, ಆದರೂ ನಮಗೆ ದೂರದ್ದಲ್ಲ. ಮೈಸೂರಿನ ಆಸ್ಥಾನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಾಯದಿಂದ ಅಲ್ಲಿಗೆ ಹೋಗಿ ಅವನೀಂದ್ರನಾಥ ಠಾಕೂರರ (1871-1951) ಶಿಷ್ಯರಾದವರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ ಬೌದ್ಧ ಪುರಾಣಕಥೆಗಳನ್ನು ಕುರಿತು ಬರೆದು 1913ರಲ್ಲಿ ಪ್ರಕಟವಾದ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ವೆಂಕಟಪ್ಪನವರೂ ಅವರ ಸಹಪಾಠಿ ನಂದಲಾಲ ಬಸುಗಳೂ (1882-1966) ಇದ್ದರು. ಈ ನಂದಲಾಲರು ಉಮೆಯ ತಪಸ್ಸನ್ನು ಬರೆದು ಗುರುಗಳಿಗೆ ತೋರಿಸಿದರು. ಬಣ್ಣವು ಬಹಳ ಕಡಿಮೆ, ಆಭರಣವಿಲ್ಲ. ಗುರುಗಳು ಚಿತ್ರವನ್ನು ಮೆಚ್ಚಿದರೂ, ಇಷ್ಟೇಕೆ ಬಡವಾಗಿದೆ, ಉಮೆಯನ್ನು ಸ್ವಲ್ಪ ಸಿಂಗರಿಸಬಾರದೆ, ಹಣೆಗೆ ಗಂಧ, ಒಂದು ಹೂವು ಇರಬಾರದೆ ಎಂದರು. ಶಿಷ್ಯನು ಮರುಮಾತಾಡದೆ ಚಿತ್ರವನ್ನೆತ್ತಿಕೊಂಡು ಹೋದನು. ಆ ರಾತ್ರಿ ಗುರುಗಳಿಗೆ ನಿದ್ರೆ ಬರಲಿಲ್ಲ. ನಂದಲಾಲನು ಕಂಡುದು ತಪಸ್ಸಿನಲ್ಲಿ ಕೃಶಳಾದ ಉಮೆಯನ್ನಲ್ಲವೆ, ಅಲ್ಲಿ ಗಂಧ ಪುಷ್ಪಗಳಿಗೆ ಎಡೆಯೆಲ್ಲಿ, ತಾನು ಅವನ ಕಣ್ಣಿನಿಂದ ನೋಡಲಿಲ್ಲವಲ್ಲ ಎಂದು ಅವರು ಕಳವಳಗೊಂಡರು. ಬೆಳಗಾಗುತ್ತಲೇ ಶಿಷ್ಯನಿದ್ದೆಡೆಗೆ ಧಾವಿಸಿದರು. ನಂದಲಾಲರು ಚಿತ್ರವನ್ನು ಮುಂದಿಟ್ಟುಕೊಂಡು ಬಣ್ಣ ಹಚ್ಚುವುದರಲ್ಲಿದ್ದರು. ಗುರುಗಳು ಕೈಹಿಡಿದು ತಡೆದರು. ಈ ಸಂಗತಿಯನ್ನು ಬಹಿರಂಗಪಡಿಸಿದವರು ಶಿಷ್ಯರಲ್ಲ, ಗುರುಗಳೇ. ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ.

ಈ ಪ್ರಸಂಗವನ್ನು ಗುರುವಿನ ಔದಾರ್ಯಕ್ಕೆ ದೃಷ್ಟಾಂತವಾಗಿ ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ನನಗೆ ತೋರುವುದು ಇನ್ನೊಂದು. ಬಣ್ಣದ ಬಡತನವು ಸಾಮಾನ್ಯವಾಗಿ ದೋಷವೆಂಬುದರಲ್ಲಿ ಗುರುಗಳು ತಪ್ಪಿರಲಿಲ್ಲ. ನೂರು ಚಿತ್ರಗಳಲ್ಲಿ ತೊಂಬತ್ತಕ್ಕೆ ಆ ಸಲಹೆಯು ಹಿತವೇ. ಅವರು ಬಿಟ್ಟುದು ಒಂದು ಪ್ರಶ್ನೆಯನ್ನು: "ಬಣ್ಣವನ್ನು ಏಕೆ ಕಡಿಮೆ ಮಾಡಿದೆ?" ಆ ಪ್ರಶ್ನೆಯನ್ನು ಹಗಲಿನಲ್ಲಿ ಕೇಳಿದ್ದರೆ ರಾತ್ರಿಯ ನಿದ್ರೆ ಕೆಡುತ್ತಿರಲಿಲ್ಲ. ಇನ್ನು ಶಿಷ್ಯನ ಕಡೆಯನ್ನು ನೋಡಿದರೆ, ಅವನ ವಿನಯವನ್ನು ಮೆಚ್ಚುವವರೊಡನೆ ನನ್ನ ಪೂರ್ಣಸಮ್ಮತಿಯಿಲ್ಲ. ತಾನು ಹೀಗೇಕೆ ಬರೆದೆನೆಂದು ವಿನಯದಿಂದಲೇ ಒಂದು ವಾಕ್ಯ ಹೇಳಬಹುದಾಗಿತ್ತು. ಸಲಹೆಯನ್ನು ಸ್ವೀಕರಿಸುವುದೆಂದರೆ ಒಡನೆ ಕುಂಚವನ್ನು ಅದ್ದುವುದಲ್ಲ. ಗುರುಗಳು ಗಳಿಗೆಮಾತ್ರ ತಡವಾಗಿ ಬಂದಿದ್ದರೆ ಒಂದು ಉತ್ತಮ ಚಿತ್ರವು ಗುರುಭಕ್ತಿಗೆ ಬಲಿಯಾಗುತ್ತಿತ್ತು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಸದೃಶವಾದುದನ್ನು ನಾನು ಕಂಡಿದ್ದೇನೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ 1970ರ ಸುಮಾರಿಗೆ ಸಿಂಧನೂರಿನ ಸುತ್ತ ನೆಲೆ ಕಲ್ಪಿಸಲಾಯಿತು. ಆರ್.ಎಚ್. ಕ್ಯಾಂಪುಗಳೆಂದು ಇಂದಿಗೂ ಕರೆಯಲ್ಪಡುವ ಆ ಊರುಗಳ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಕಲಿತು ನಮ್ಮ ಮಕ್ಕಳೇ ಆಗಿದ್ದಾರೆ. ಒಂದು ವರ್ಷ ರಂಗೋಲಿ ಸ್ಪರ್ಧೆಯಲ್ಲಿ ಅವರಲ್ಲೊಬ್ಬ ಹುಡುಗಿಯು, ಅರೆದ ಅಕ್ಕಿಯ ನೀರಿನಲ್ಲಿ ಬಟ್ಟೆಯ ಚೂರನ್ನು ಅದ್ದಿ, ಬೆರಳ ತುದಿಯಿಂದ ನೆಲದ ಮೇಲೆ ಬಳ್ಳಿ, ಭತ್ತದ ತೆನೆ, ಲಕ್ಷ್ಮಿಯ ಹೆಜ್ಜೆ ಇವುಗಳನ್ನು ಎಳೆದಳು. ಅವರ ಮನೆಗಳಲ್ಲಿ ಇದಕ್ಕೆ ಆಲ್ಪನಾ ಎಂದು ಹೆಸರು. ಪರೀಕ್ಷಕರು ಬಂದು ನೋಡಿ, ಚುಕ್ಕಿಗಳಿಲ್ಲ, ಎಳೆಯು ಎಲ್ಲಿಯೂ ಮುಚ್ಚಿಕೊಂಡಿಲ್ಲ, ಬಣ್ಣವಿಲ್ಲ ಎಂದು ಮೂರು ದೋಷಗಳನ್ನು ಬರೆದುಕೊಂಡು ಮುಂದಕ್ಕೆ ಹೋದರು. ಮೂರೂ ನಿಜ! ಚುಕ್ಕಿಯ ರಂಗೋಲಿಯಲ್ಲಿ ಅವು ದೋಷಗಳೇ. ಸೋಮೇಶ್ವರನ ಮಾತಿನಲ್ಲಿ ಹೇಳುವುದಾದರೆ, ರಸಚಿತ್ರವನ್ನು ಧೂಳಿಚಿತ್ರದ ಅಳತೆಗೋಲಿನಿಂದ ಅಳೆದಂತಾಯಿತು. ಅವನೀಂದ್ರನಾಥರು 1919ರಲ್ಲಿ ಬಂಗಾಳದ ವ್ರತಗಳನ್ನು ಕುರಿತು ಪುಸ್ತಕವನ್ನೇ ಬರೆದು ಈ ಆಲ್ಪನಾದ ರೇಖೆಗಳನ್ನು ಸಂಗ್ರಹಿಸಿದರೆಂಬುದೂ, ನಂದಲಾಲರ ಕಾಲದಲ್ಲಿ ಅದು ಶಾಂತಿನಿಕೇತನದಲ್ಲಿ ಕಲಿಕೆಯ ವಿಷಯವಾಯಿತೆಂಬುದೂ ಆ ಪರೀಕ್ಷಕರಿಗೆ ತಿಳಿದಿರಬೇಕೆಂದು ನಾನು ಹೇಳುವುದಿಲ್ಲ. "ಇದೇನವ್ವಾ, ನಿಮ್ಮ ಕಡೀಗೆ ಹಿಂಗ ಹಾಕ್ತಾರೇನು?" ಎಂದು ಕೇಳಿದ್ದರೆ ಸಾಕಾಗಿತ್ತು. ಆ ಹುಡುಗಿಯ ಬಳ್ಳಿಯಲ್ಲಿ ನಿಜವಾದ ದೋಷವೊಂದು ಇದ್ದೇ ಇತ್ತು. ಎಡಗಡೆಯ ತಿರುವಿನಲ್ಲಿ ಬೆರಳು ನಿಂತು ಮತ್ತೆ ಹೊರಟುದರಿಂದ ಅಲ್ಲಿ ಹಿಟ್ಟಿನ ನೀರು ಗಡ್ಡೆಕಟ್ಟಿತ್ತು. ಅದನ್ನು ಯಾರೂ ಹೇಳಲಿಲ್ಲ. ಇಲ್ಲದ ಮೂರು ದೋಷಗಳನ್ನು ಹೊತ್ತು, ಇದ್ದ ಒಂದನ್ನು ಅರಿಯದೆ ಅವಳು ಮನೆಗೆ ಹೋದಳು.

ಹೇಳುವ ಬಗೆಯಲ್ಲಿ ನಾಲಗೆಯ ಹಿಡಿತದ ಪ್ರಶ್ನೆಯೂ ಇದೆ. ಇದಕ್ಕೆ ಮಸ್ಕಿಯವರು ಬಹಳ ದೂರ ಹೋಗಬೇಕಾದುದಿಲ್ಲ. ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದನ್ನು ಲೋಕಕ್ಕೆ ನಿಶ್ಚಯವಾಗಿ ತಿಳಿಸಿದುದು 1915ರಲ್ಲಿ ಬೆಳಕಿಗೆ ಬಂದ ಅವರ ಊರಿನ ಶಾಸನ. ಆ ಅರಸನ ಇನ್ನೆರಡು ಶಾಸನಗಳು ಭೀಮಾತೀರದ ಸನ್ನತಿಯಲ್ಲಿ, ಕಾಳಿಕೆಯ ವಿಗ್ರಹಕ್ಕೆ ಬಹುಕಾಲ ಪೀಠವಾಗಿದ್ದ ಒಂದು ಕಲ್ಲಿನ ಮೇಲೆ ದೊರೆತಿವೆ. ಒಂದು ಹನ್ನೆರಡನೆಯ ಬಂಡೆಶಾಸನ. ಅದರಲ್ಲಿ ಅವನು ಮಾತಿನ ಸಂಯಮವನ್ನು ಬೋಧಿಸಿ, ಅನ್ಯರ ಪಂಥವನ್ನು ಪ್ರಸಂಗವಿಲ್ಲದೆ ಹಳಿಯಬಾರದು, ಪ್ರಸಂಗವಿದ್ದರೂ ಹಗುರವಾಗಿ ಹೇಳಬೇಕು ಎನ್ನುತ್ತಾನೆ. ಇನ್ನೊಂದು ಹದಿನಾಲ್ಕನೆಯದು, ತನ್ನ ಬರಹಗಳಲ್ಲಿ ಕೆಲವೆಡೆ ಕೊರತೆಯಿದ್ದರೆ ಅದಕ್ಕೆ ಸ್ಥಳವೋ ಬೇರೆ ಕಾರಣವೋ ಲಿಪಿಕಾರನ ತಪ್ಪೋ ಇರಬಹುದೆಂದು ಅಲ್ಲಿ ಹೇಳುತ್ತಾನೆ. ಚಕ್ರವರ್ತಿಯಾದವನು ಲಿಪಿಕಾರನ ತಪ್ಪನ್ನು ಕಟ್ಟಕಡೆಗೆ ಇಟ್ಟನು. ಮೊದಲು ಬಂಡೆಯ ಅನುಕೂಲವನ್ನು ನೋಡಿದನು. ಮೊದಲನೆಯದು ಮತಗಳನ್ನು ಕುರಿತ ಮಾತೆಂದು ನಾನು ಬಲ್ಲೆ. ಅದಾಗ್ಯೂ ಪರೀಕ್ಷಕರಾಗಿ ಕುಳಿತವರು ಆ ಕಲ್ಲನ್ನೊಮ್ಮೆ ನೆನೆದರೆ ನಷ್ಟವೇನಿಲ್ಲ.

ಸ್ವೀಕರಿಸುವವರ ವಿಷಯದಲ್ಲಿ ಕನ್ನಡಿಗರೆಲ್ಲ ಬಲ್ಲ ಐತಿಹ್ಯವೊಂದುಂಟು. ಬೇಲೂರಿನಲ್ಲಿ ಜಕಣಾಚಾರಿಯ ವಿಗ್ರಹಕ್ಕೆ ಡಂಕಣನೆಂಬ ತರುಣನು ದೋಷ ಹೇಳಿದುದು, ಗಂಧವನ್ನು ಬಳಿದಾಗ ನಾಭಿಯ ಬಳಿ ಮಾತ್ರ ಒಣಗದೆ ಉಳಿದುದು, ಅಲ್ಲಿ ಉಳಿಯಿಟ್ಟಾಗ ನೀರೂ ಕಪ್ಪೆಯೂ ಹೊರಬಂದುದು, ಮುದುಕನು ಪ್ರತಿಜ್ಞೆಯಂತೆ ಬಲಗೈಯನ್ನು ಕಡಿದುಕೊಂಡುದು ಇವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಈ ಕಥೆಯನ್ನು ನಮ್ಮ ಶಾಲೆಗಳಲ್ಲಿ ಹೇಳುವಾಗ ಕಡಿದ ಕೈಯ ಮೇಲೆಯೇ ಕಣ್ಣೀರು ಸುರಿಸುತ್ತಾರೆ. ನಾನಾದರೋ ಗಂಧದ ಲೇಪನದ ಬಳಿ ನಿಲ್ಲುತ್ತೇನೆ. ತರುಣನು ಒಂದು ಸ್ಥಳವನ್ನು ಬೆರಳಿಟ್ಟು ತೋರಿಸಿದನು. ಆಕ್ಷೇಪವು ಕಲ್ಲಿನದೇ ಹೊರತು ಶಿಲ್ಪಿಯ ಕುಲಶೀಲಗಳದ್ದಲ್ಲ. ಎಲ್ಲರೂ ಕಣ್ಣಾರೆ ಕಾಣುವ ಪರೀಕ್ಷೆಯೂ ನಡೆಯಿತು. ಇಷ್ಟರ ಮಟ್ಟಿಗೆ ಇದಕ್ಕಿಂತ ಉತ್ತಮವಾದ ವಿಮರ್ಶೆಯನ್ನು ನಾನರಿಯೆ. ಮುಂದಿನದು ಮಾತ್ರ ಅನರ್ಥ. ಕಲ್ಲಿನೊಳಗೆ ಕಪ್ಪೆಯಿದ್ದುದಕ್ಕೆ ಕೈಯೇನು ಮಾಡಿತು? ಚಿತ್ರದ ದೋಷವನ್ನು ತನ್ನ ಅಂಗವೇ ಎಂದು ತಿಳಿಯುವ ಅಭಿಮಾನವು ಕಥೆಯಲ್ಲಿ ಶೋಭಿಸಬಹುದು. ಹನ್ನೆರಡು ವರ್ಷದ ಹುಡುಗನಲ್ಲಿ ಅದು ಬಣ್ಣದ ಪೆಟ್ಟಿಗೆಯನ್ನು ಅಟ್ಟದ ಮೇಲೆ ಎಸೆಯುವ ರೂಪವನ್ನು ತಾಳುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಶಾಲೆಗಳಲ್ಲಿ ನಡೆಯುವ ಒಂದು ಅಪಚಾರವನ್ನು ಹೇಳದೆ ಬಿಡಲಾಗದು. ಮಗುವಿನ ಹಾಳೆಯ ಮೇಲೆ ಮಾಸ್ತರರು ತಮ್ಮ ಪೆನ್ಸಿಲನ್ನೇ ಆಡಿಸುವುದು! ಕಣ್ಣನ್ನು ತಾವೇ ಬರೆಯುತ್ತಾರೆ, ಆಕಾಶಕ್ಕೆ ತಾವೇ ಬಣ್ಣ ಬಳಿಯುತ್ತಾರೆ, ಬಹುಮಾನವೂ ಬರುತ್ತದೆ. ಮಸ್ಕಿಯ ಕಡೆಯ ಒಬ್ಬ ಹುಡುಗನು ಬೇಸಿಗೆಯ ಎರೆಹೊಲವನ್ನು ಬರೆದಿದ್ದನು. ಬಿರುಕುಬಿಟ್ಟ ಕಪ್ಪು ನೆಲ, ಬೂದುಬಣ್ಣದ ಆಕಾಶ, ಜೋಳದ ಒಣ ಕೂಳೆ, ಬೇರೇನೂ ಇಲ್ಲ. ಹೊಲವೆಂದರೆ ಹಸುರಾಗಿರಬೇಕೆಂದು ಹಿರಿಯರೊಬ್ಬರು ಅದರ ಮೇಲೆಲ್ಲ ಹಸುರನ್ನು ಬಳಿಸಿದರು. ಕಾಲುವೆಯ ನೀರು ಹರಿಯುವ ಸಿಂಧನೂರಿನ ಭತ್ತದ ಗದ್ದೆಯು ಮಸ್ಕಿಯ ಎರೆಯ ಮೇಲೆ ಬಂದು ಕುಳಿತಂತಾಯಿತು. ಚಿತ್ರಕ್ಕೆ ಎರಡನೆಯ ಬಹುಮಾನ ಬಂದಿತು. ಹುಡುಗನನ್ನು ಕರೆದು, ಚಿತ್ರವು ಯಾರದೆಂದು ಕೇಳಿದೆ. "ಕೂಳೆ ನಂದ್ರೀ ಸರ," ಎಂದು ಒಂದು ಮೂಲೆಯಲ್ಲಿ ಹಸುರಿನ ಕೆಳಗಿನಿಂದ ಇಣುಕುತ್ತಿದ್ದ ನಾಲ್ಕು ಕಡ್ಡಿಗಳನ್ನು ತೋರಿಸಿದನು.

ತಿದ್ದಬೇಕಾದರೆ ಬೇರೆಯ ಚೀಟಿಯೊಂದರ ಮೇಲೆ ಬರೆದು ತೋರಿಸಬಹುದು. ಹಾಳೆಯು ಮಗುವಿನ ಆಸ್ತಿ. ನಮ್ಮ ಸಂಘದವರು ಬರುವ ವರ್ಷದ ಪ್ರದರ್ಶನದಲ್ಲಿ ಒಂದು ಹೊಸ ಪದ್ಧತಿಯನ್ನು ಇಟ್ಟು ನೋಡಬಹುದೆಂದು ನನ್ನ ವಿಜ್ಞಾಪನೆ. ಪ್ರತಿಯೊಂದು ಚಿತ್ರದ ಕೆಳಗೂ ಎರಡು ಚೀಟಿಗಳಿರಲಿ. ಮೊದಲನೆಯದರಲ್ಲಿ, ತಾನು ಏನನ್ನು ಕಾಣಿಸಲು ಹೊರಟೆನೆಂಬುದನ್ನು ಬರೆದವರೇ ಒಂದು ವಾಕ್ಯದಲ್ಲಿ ಹೇಳಲಿ. ಚಿಕ್ಕವರಾದರೆ ತಾಯಿಯೋ ಅಕ್ಕನೋ ಅವರು ಹೇಳಿದಂತೆಯೇ ಬರೆದುಕೊಡಲಿ. ಅದನ್ನು ಓದಿದ ಬಳಿಕವೇ ಪರೀಕ್ಷಕರು ಎರಡನೆಯದನ್ನು ತುಂಬಲಿ: ಚಿತ್ರದಲ್ಲಿ ಕೈಗೂಡಿದ ಒಂದು ಸ್ಥಳ, ಇನ್ನೂ ಕೈಗೂಡಬೇಕಾದ ಒಂದು ಸ್ಥಳ, ಎರಡನ್ನೂ ಬೆರಳಿಟ್ಟು ತೋರಿಸುವಂತೆ. "ಚಲೋ ಅದ" ಎಂಬ ಮಾತಿಗೆ ಆ ಚೀಟಿಯಲ್ಲಿ ಜಾಗ ಬೇಡ. ಪರೀಕ್ಷಕರ ಸಾಲಿನಲ್ಲಿ ರಂಗೋಲಿ ಬಲ್ಲ ಇಬ್ಬರು ತಾಯಂದಿರಾದರೂ ಇರಬೇಕು. ಅವರಲ್ಲಿ ಒಬ್ಬರು ಕ್ಯಾಂಪಿನವರಾದರೆ ಒಳಿತು. ಚೀಟಿಗಳ ಕಾಗದದ ವೆಚ್ಚವನ್ನು ಈ ಲೇಖಕನು ವಹಿಸಿಕೊಳ್ಳುವನು.